ಶನಿವಾರ ರಾತ್ರಿ ಕಾಂಡೋಮ್ ಹರಿದಿದೆ, ಮುಟ್ಟಿನ ದಿನದವರೆಗೆ ಕಾಯಬಹುದಾ?

ಪ್ರಶ್ನೆ: ಮೇಡಂ, ನನಗೆ 25 ವರ್ಷ. ಮದುವೆಯಾಗಿ ಎಂಟು ತಿಂಗಳಾಯಿತು. ಬಿ.ಎಡ್ ಮುಗಿದು ಕೆಲಸ ಸಿಗುವ ತನಕ ಮಗು ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಅದಕ್ಕೇ ಕಾಂಡೋಮ್ ಬಳಸುತ್ತೇವೆ. ಶನಿವಾರ ರಾತ್ರಿ ಅದು ಹರಿದುಹೋಗಿದೆ, ಎಲ್ಲ ಮುಗಿದ ಮೇಲೆ ಗೊತ್ತಾಯಿತು. ತಕ್ಷಣ ಎದ್ದು ಹೋಗಿ ತೊಳೆದುಕೊಂಡೆ. ಗೆಳತಿ ಹೇಳಿದಳು ಅಂತ ಭಾನುವಾರ ಪರಂಗಿ ಹಣ್ಣು ತಿಂದೆ. ಯಜಮಾನರು ಬಸಿರು ತಡೆಯುವ ಮಾತ್ರೆ ತರಲು ಮೆಡಿಕಲ್‌ಗೆ ಹೋಗಿದ್ದರು, ಆದರೆ ಅಂಗಡಿಯವರು ನಮ್ಮ ಮಾವನಿಗೆ ಪರಿಚಯ, ಕೇಳಲಾಗದೆ ತಲೆನೋವಿನ ಮಾತ್ರೆ ತಗೊಂಡು ವಾಪಸ್ ಬಂದರು. ನನಗೆ 28ರಿಂದ 30 ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುತ್ತದೆ. ಶನಿವಾರಕ್ಕೆ ಹನ್ನೆರಡನೇ ದಿನ. ಆ ಮಾತ್ರೆ ತಗೊಂಡರೆ ಮುಂದೆ ಮಕ್ಕಳೇ ಆಗುವುದಿಲ್ಲ ಅಂತ ನಮ್ಮ ಓರಗಿತ್ತಿ ಹೇಳುತ್ತಾರೆ. ಹೌದಾ? ಮುಟ್ಟಿನ ದಿನದವರೆಗೆ ಕಾದು ನೋಡಲಾ?

ಉತ್ತರ: ನಿಮ್ಮ ಪತ್ರ ಸೋಮವಾರ ಬೆಳಿಗ್ಗೆ ಓದಿದೆ. ಓದಿದ ಕೂಡಲೇ ಎರಡು ಸಾಲು ಬರೆದು ಕಳಿಸಿದ್ದೆ, ನೆನಪಿದೆ ಅಲ್ವಾ? ಕಾಯಬೇಡಿ, ಈಗಲೇ ಬೇರೆ ಯಾವುದಾದರೂ ಮೆಡಿಕಲ್‌ಗೆ ಹೋಗಿ ಮಾತ್ರೆ ತಗೊಂಡು ನುಂಗಿ, ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಗರ್ಭಕೋಶದೊಳಗೆ ಹಾಕುವ ಕಾಪರ್ ಟಿ ವಿಚಾರಿಸಿ ಅಂತ. ಯಾಕೆ ಹಾಗೆ ಹೇಳಿದೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಇದೇ ಪ್ರಶ್ನೆ ಹಿಡಿದುಕೊಂಡು ನನ್ನ ಓಪಿಡಿಗೆ ಬರುವವರು ಜಾಸ್ತಿ. ಅವರಲ್ಲಿ ಹೆಚ್ಚಿನವರು ಬರುವುದು ಹತ್ತು ದಿನ ಕಳೆದ ಮೇಲೆ, ಇಲ್ಲವೇ ಡೇಟ್ ಮಿಸ್ ಆದ ಮೇಲೆ. ಅಷ್ಟು ಹೊತ್ತಿಗೆ ಮಾತ್ರೆಯ ಸಮಯ ಮುಗಿದಿರುತ್ತದೆ. ನೀವು ಎರಡನೇ ದಿನಕ್ಕೇ ಬರೆದಿರಿ. ನನಗೆ ಅದೇ ದೊಡ್ಡ ಸಮಾಧಾನ.

ಮೊದಲು ಬಸಿರು ನಿಲ್ಲುವ ಸಾಧ್ಯತೆ ಎಷ್ಟು ಅನ್ನುವುದು. ಹೆಣ್ಣಿನ ಅಂಡ ಹೊರಬಂದ ಮೇಲೆ ಬದುಕುವುದು 12ರಿಂದ 24 ಗಂಟೆ ಅಷ್ಟೇ. ಆದರೆ ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರುತ್ತದೆ, ಅಂಡ ಬರುವುದನ್ನು ಕಾಯುತ್ತಿರುತ್ತದೆ. ಹಾಗಾಗಿ ಅಂಡ ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಮುಂಚಿನ ಐದು ದಿನ, ಒಟ್ಟು ಆರು ದಿನ, ಬಸಿರಾಗುವ ದಿನಗಳು. ಅಂಡ ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. ನಿಮ್ಮದು 28ರಿಂದ 30 ದಿನದ ಲೆಕ್ಕ, ಅಂದರೆ 14ರಿಂದ 16ನೇ ದಿನದ ಆಸುಪಾಸು. ಶನಿವಾರ ಹನ್ನೆರಡನೇ ದಿನ. ಲೆಕ್ಕ ನೀವೇ ಹಾಕಿ ನೋಡಿ, ಆ ಆರು ದಿನದ ಒಳಗೇ ಬಿದ್ದಿದೆ.

ತಿಂಗಳ ಯಾವುದೋ ಒಂದು ದಿನ, ಒಂದೇ ಸಲ ಹೀಗಾದರೆ ಬಸಿರಾಗುವ ಸಾಧ್ಯತೆ ಸರಾಸರಿ 100ರಲ್ಲಿ ಐದಕ್ಕಿಂತ ಜಾಸ್ತಿ ಇಲ್ಲ. ಮಗು ಬೇಕು ಅಂತ ಕಾಯುತ್ತಿದ್ದ ಹೆಂಗಸರ ಮೇಲೆ ನಡೆದ ಅಧ್ಯಯನ ಒಂದಿದೆ, 1995ರಲ್ಲಿ ಪ್ರಕಟವಾಗಿದ್ದು. ಅದರಲ್ಲಿ ಕಂಡ ಪ್ರಕಾರ ಅಂಡ ಬರುವುದಕ್ಕೆ ಐದು ದಿನ ಮುಂಚೆ ಸೇರಿದರೆ ಹತ್ತರಲ್ಲಿ ಒಂದು ಸಲ, ಒಂದೆರಡು ದಿನ ಮುಂಚೆ ಅಥವಾ ಅದೇ ದಿನ ಸೇರಿದರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಬಸಿರಾಗುತ್ತದೆ. ನಿಮ್ಮ ದಿನ ಇವೆರಡರ ನಡುವೆ ಎಲ್ಲೋ ಬರುತ್ತದೆ. ಹೆದರಿಸಲು ಹೇಳುತ್ತಿಲ್ಲ. ಮೂರರಲ್ಲಿ ಎರಡು ಸಲ ಏನೂ ಆಗುವುದಿಲ್ಲ ಅಂತಲೂ ಆಯಿತಲ್ಲ. ಆದರೆ ಮಗು ಈಗ ಬೇಡ ಅಂತ ಗಟ್ಟಿಯಾಗಿ ತೀರ್ಮಾನ ಮಾಡಿದವರು ಸುಮ್ನೆ ಕೂರುವಷ್ಟು ಚಿಕ್ಕ ಸಾಧ್ಯತೆ ಇದಲ್ಲ.

ತೊಳೆದುಕೊಂಡಿದ್ದರಿಂದ ಪ್ರಯೋಜನ ಆಗಲಿಲ್ಲ. ವೀರ್ಯಾಣು ಕೆಲವೇ ನಿಮಿಷದಲ್ಲಿ ಗರ್ಭಕೋಶದ ಬಾಯಿಯ ಲೋಳೆಯೊಳಗೆ ಸೇರಿಕೊಂಡುಬಿಡುತ್ತದೆ. ನೀರು ಅಲ್ಲಿಗೆ ತಲುಪುವುದಿಲ್ಲ. ಮೇಲೆ ಮೇಲೆ ತೊಳೆದರೆ ತಪ್ಪಿಲ್ಲ, ಆದರೆ ಸೋಪು, ಡೆಟಾಲ್ ಒಳಗೆ ಹಾಕುವವರಿದ್ದಾರೆ, ಅದು ಬೇಡವೇ ಬೇಡ, ಉರಿ, ಸೋಂಕು ಬರುತ್ತದೆ. ಪರಂಗಿ ಹಣ್ಣು, ಅನಾನಸ್, ಎಳ್ಳು ಬೆಲ್ಲ, ಉಷ್ಣದ ಪದಾರ್ಥ ಯಾವುದೂ ಇಲ್ಲಿ ಕೆಲಸ ಮಾಡುವುದಿಲ್ಲ. ತಿಂದರೆ ತೊಂದರೆ ಇಲ್ಲ. ತೊಂದರೆ ಇರುವುದು ಅದನ್ನು ನಂಬಿ ಮಾತ್ರೆ ತಗೊಳ್ಳದೆ ಒಂದು ದಿನ ಕಳೆಯುವುದರಲ್ಲಿ.

ಈಗ ಮಾತ್ರೆಯ ವಿಷಯ. ಮೆಡಿಕಲ್‌ನಲ್ಲಿ ಐ-ಪಿಲ್, ಅನ್‌ವಾಂಟೆಡ್-72 ಅಂತ ಸಿಗುತ್ತದೆ. ಒಳಗಿರುವ ಔಷಧಿ ಒಂದೇ, ಲಿವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ. ಸರ್ಕಾರದ ಕಡೆಯಿಂದ ಈಜಿ ಪಿಲ್ ಅಂತ ಬರುತ್ತದೆ, ಆಶಾ ಕಾರ್ಯಕರ್ತೆಯರ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. 2005ರಿಂದ ನಮ್ಮ ದೇಶದಲ್ಲಿ ಈ ಮಾತ್ರೆಗೆ ಡಾಕ್ಟರ ಚೀಟಿ ಬೇಕಿಲ್ಲ. ಒಂದೇ ಮಾತ್ರೆ, ಒಂದೇ ಸಲ, ನೀರಿನ ಜೊತೆ. ಪ್ಯಾಕೆಟ್‌ನಲ್ಲಿ 0.75ರ ಎರಡು ಮಾತ್ರೆ ಇದ್ದರೆ ಎರಡನ್ನೂ ಒಟ್ಟಿಗೇ ನುಂಗಿ. ಹೊಟ್ಟೆಗೆ ಏನಾದರೂ ತಿಂದು ತಗೊಂಡರೆ ವಾಕರಿಕೆ ಕಡಿಮೆ ಅನ್ನಿಸುತ್ತದೆ. ಆದರೆ ಊಟ ಆಗಲಿ ಅಂತ ನಾಲ್ಕು ಗಂಟೆ ಕಾಯಬೇಡಿ. ತಗೊಂಡು ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ತಗೊಳ್ಳಬೇಕು.

ಇದು ಕೆಲಸ ಮಾಡುವುದು ಹೇಗೆ ಅಂದರೆ, ಅಂಡ ಹೊರಬರುವುದನ್ನು ಕೆಲವು ದಿನ ಮುಂದಕ್ಕೆ ತಳ್ಳುತ್ತದೆ. ಅಷ್ಟರಲ್ಲಿ ಒಳಗಿರುವ ವೀರ್ಯಾಣು ಸತ್ತುಹೋಗುತ್ತದೆ. ಇಷ್ಟೇ ಇದರ ಗುಟ್ಟು. ಬಸಿರು ಆಗಲೇ ನಿಂತಿದ್ದರೆ ಈ ಮಾತ್ರೆ ಅದನ್ನು ತೆಗೆಯುವುದಿಲ್ಲ, ಕೆಡಿಸುವುದೂ ಇಲ್ಲ. ಗರ್ಭಪಾತದ ಮಾತ್ರೆ ಅಂತ ಇದನ್ನು ಕರೆಯುವುದು ತಪ್ಪು.

ಗಂಟೆಗಳು ಯಾಕೆ ಮುಖ್ಯ ಅಂತ ಇದರಲ್ಲೇ ಗೊತ್ತಾಗುತ್ತದೆ. ಅಂಡವನ್ನು ಹೊರಗೆ ಕಳಿಸುವ ಹಾರ್ಮೋನ್ ಒಂದು ಸಲ ಏರಿಬಿಟ್ಟರೆ ಆಮೇಲೆ ಮಾತ್ರೆ ಅದನ್ನು ತಡೆಯಲಾರದು. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 24 ಗಂಟೆಯೊಳಗೆ ತಗೊಂಡಾಗ ಆಗಬಹುದಾಗಿದ್ದ ಬಸಿರುಗಳಲ್ಲಿ ನೂರಕ್ಕೆ 95 ತಪ್ಪಿದವು, ಎರಡನೇ ದಿನ 85, ಮೂರನೇ ದಿನ 58. ಎಲ್ಲ ಅಧ್ಯಯನಗಳಲ್ಲೂ ಅಂಕಿ ಇಷ್ಟೇ ಬರುವುದಿಲ್ಲ, ಆದರೆ ಬೇಗ ತಗೊಂಡಷ್ಟೂ ಒಳ್ಳೆಯದು ಅನ್ನುವ ಮಾತಿನಲ್ಲಿ ಬದಲಾವಣೆ ಇಲ್ಲ. 72 ಗಂಟೆ ಇದೆಯಲ್ಲ, ನಾಳೆ ನೋಡೋಣ ಅನ್ನುವವರು ಇದನ್ನು ಓದಬೇಕು. 72 ಗಂಟೆ ಅನ್ನುವುದು ಕೊನೆಯ ಬಸ್ಸಿನ ಸಮಯ, ಮೊದಲ ಬಸ್ಸು ಸಿಕ್ಕರೆ ಹತ್ತಿಬಿಡಬೇಕು. ಮೂರು ದಿನ ದಾಟಿ ಐದು ದಿನದೊಳಗೆ ಇದ್ದವರಿಗೂ ನಾನು ಮಾತ್ರೆ ಕೊಡುತ್ತೇನೆ, ಆದರೆ ಅದರ ಶಕ್ತಿ ಕಡಿಮೆಯಾಗಿರುತ್ತದೆ ಅಂತ ಹೇಳಿಯೇ ಕೊಡುತ್ತೇನೆ.

ನಿಮಗೆ ಕಾಪರ್ ಟಿ ಯಾಕೆ ಹೇಳಿದೆ ಅಂದರೆ ಇದೇ ಕಾರಣಕ್ಕೆ. ಸೋಮವಾರ ನಿಮಗೆ 14ನೇ ದಿನ. ಆ ಹಾರ್ಮೋನ್ ಏರಿದೆಯೋ ಇಲ್ಲವೋ ಯಾರು ಹೇಳುತ್ತಾರೆ? ಏರಿದ್ದರೆ ಮಾತ್ರೆಯ ಮೇಲೆ ಪೂರ್ತಿ ಭರವಸೆ ಇಡಲಾಗುವುದಿಲ್ಲ. ಕಾಪರ್ ಟಿ ಹಾಗಲ್ಲ. ಐದು ದಿನದೊಳಗೆ ಹಾಕಿಸಿಕೊಂಡರೆ ನೂರಕ್ಕೆ 99ಕ್ಕಿಂತ ಜಾಸ್ತಿ ಬಸಿರು ತಪ್ಪುತ್ತದೆ. ತಾಮ್ರ ವೀರ್ಯಾಣುವಿಗೆ ವಿಷ ಇದ್ದಂತೆ, ಅಂಡದ ಜೊತೆ ಸೇರಲು ಬಿಡುವುದಿಲ್ಲ, ಸೇರಿದರೂ ಗರ್ಭಕೋಶದಲ್ಲಿ ನೆಲೆ ನಿಲ್ಲಲು ಬಿಡುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಗುರುವಾರ ರಾತ್ರಿಗೆ ಐದು ದಿನ ಮುಗಿಯುತ್ತದೆ, ಅಂದರೆ ಗುರುವಾರ ಮಧ್ಯಾಹ್ನದ ಓಪಿಡಿಯೊಳಗೆ ಹೋಗಿರಬೇಕು.

ನಮ್ಮ ಕಡೆ ಇದಕ್ಕೆ ವಂಕಿ ಅನ್ನುತ್ತಾರೆ. ವಂಕಿ ಅಂದ ಕೂಡಲೇ ಎರಡು ಮಕ್ಕಳಾದವರಿಗೆ ಹಾಕುವುದು ಅನ್ನುವ ನಂಬಿಕೆ ಇದೆ. ಹಾಗೇನೂ ಇಲ್ಲ, ಮಗು ಆಗದವರೂ ಹಾಕಿಸಿಕೊಳ್ಳಬಹುದು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಮೆತ್ತನೆ ಪ್ಲಾಸ್ಟಿಕ್, ಸುತ್ತ ತೆಳು ತಾಮ್ರದ ತಂತಿ, ಕೆಳಗೆ ಎರಡು ದಾರ. ನನ್ನ ಮೇಜಿನ ಡ್ರಾದಲ್ಲಿ ಒಂದು ಸ್ಯಾಂಪಲ್ ಇಟ್ಟುಕೊಂಡಿದ್ದೇನೆ, ಹುಡುಗಿಯರ ಅಂಗೈ ಮೇಲೆ ಇಡುತ್ತೇನೆ. ಮುಟ್ಟಿ ನೋಡಿದ ಮೇಲೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಹಾಕಲು ಹತ್ತು ನಿಮಿಷ ಸಾಕು. ಆಗ ಮುಟ್ಟಿನ ಹೊಟ್ಟೆನೋವಿನ ಹಾಗೆ ಹಿಂಡುತ್ತದೆ, ಮೊದಲ ಎರಡು ಮೂರು ತಿಂಗಳು ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಬಹುದು, ನೋವೂ ಇರಬಹುದು, ಇದನ್ನು ಮುಚ್ಚಿಟ್ಟು ಹೇಳಿದರೆ ಆಮೇಲೆ ನೀವು ಗಾಬರಿಯಾಗುತ್ತೀರಿ. ಸರ್ಕಾರಿ ಆಸ್ಪತ್ರೆಯಲ್ಲಿ ಐದು ವರ್ಷದ್ದೂ ಇದೆ, ಹತ್ತು ವರ್ಷದ್ದೂ ಇದೆ, ಎರಡಕ್ಕೂ ದುಡ್ಡಿಲ್ಲ. ಬೇಡ ಅನ್ನಿಸಿದ ದಿನ ತೆಗೆಸಿಬಿಡಬಹುದು, ತೆಗೆದ ಮುಂದಿನ ತಿಂಗಳೇ ಬಸಿರಾದವರಿದ್ದಾರೆ. ಕೆಳಹೊಟ್ಟೆಯಲ್ಲಿ ಸೋಂಕು ಇದ್ದವರಿಗೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದವರಿಗೆ ಹಾಕುವುದಿಲ್ಲ, ಅದನ್ನು ಡಾಕ್ಟರು ಪರೀಕ್ಷೆ ಮಾಡಿ ನೋಡುತ್ತಾರೆ. ನಿಮಗೆ ಕೆಲಸ ಸಿಗುವ ತನಕ ಮಗು ಬೇಡ. ಈ ಸಲದ ಆತಂಕಕ್ಕೂ ಅಲ್ಲಿಯವರೆಗಿನ ದಿನಗಳಿಗೂ ಇದೊಂದೇ ಸಾಕು ಅಂತ ನನ್ನ ಅಭಿಪ್ರಾಯ.

ಓರಗಿತ್ತಿ ಹೇಳಿದ ಮಾತಿಗೆ ಬರುತ್ತೇನೆ. ಮಾತ್ರೆ ತಗೊಂಡರೆ ಮಕ್ಕಳಾಗುವುದಿಲ್ಲ ಅನ್ನುವುದು ನಿಜ ಅಲ್ಲ. ಮಾಲಾ-ಎನ್ ಮಾತ್ರೆ ಗೊತ್ತಲ್ಲ, ದಿನಾ ತಗೊಳ್ಳುವುದು, ಅದರಲ್ಲೂ ಇದೇ ಔಷಧಿ ಇದೆ, ಚಿಕ್ಕ ಪ್ರಮಾಣದಲ್ಲಿ. ಅದನ್ನು ವರ್ಷಗಟ್ಟಲೆ ತಗೊಂಡು ಬಿಟ್ಟ ಮೇಲೆ ಮಕ್ಕಳಾದ ತಾಯಂದಿರು ನಿಮ್ಮ ಬೀದಿಯಲ್ಲೇ ಇರುತ್ತಾರೆ. ತುರ್ತು ಮಾತ್ರೆ ಕೆಲವೇ ದಿನದಲ್ಲಿ ದೇಹದಿಂದ ಹೊರಟುಹೋಗುತ್ತದೆ. ಹೇಳಬೇಕೆಂದರೆ ಚಿಂತೆ ಬೇರೆಯೇ ಇದೆ. ಮಾತ್ರೆ ತಗೊಂಡ ವಾರದಲ್ಲೇ ಬಸಿರಾಗುವ ಸಾಧ್ಯತೆ ಇರುತ್ತದೆ. ಅಂಡವನ್ನು ಮುಂದಕ್ಕೆ ತಳ್ಳಿರುತ್ತದೆ ಅಂದೆನಲ್ಲ, ಅದು ನಾಲ್ಕೈದು ದಿನ ಬಿಟ್ಟು ಬರಬಹುದು. ಮಾತ್ರೆ ತಗೊಂಡಾಗಿದೆ, ಇನ್ನು ಈ ತಿಂಗಳು ಭಯ ಇಲ್ಲ ಅಂತ ಏನೂ ಬಳಸದೆ ಸೇರಿದರೆ ಅದೇ ಹೊತ್ತಿಗೆ ಸಿಕ್ಕಿಬೀಳುತ್ತಾರೆ. ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬೇಕೇ ಬೇಕು.

ತಗೊಂಡ ಮೇಲೆ ಒಂದೆರಡು ದಿನ ತಲೆನೋವು, ಸುಸ್ತು, ಎದೆ ಭಾರ ಅನ್ನಿಸಬಹುದು. ವಾರದೊಳಗೆ ಸ್ವಲ್ಪ ರಕ್ತ ಕಾಣಿಸಿಕೊಳ್ಳಬಹುದು. ಈ ರಕ್ತದ ಬಗ್ಗೆ ಒಂದು ಮಾತು. ಅದು ಮುಟ್ಟಲ್ಲ. ಸದ್ಯ ಮುಟ್ಟಾಯಿತು ಅಂತ ನಿರಾಳವಾಗಿ ಆಮೇಲೆ ಎರಡೂವರೆ ತಿಂಗಳಿಗೆ ಬಂದ ಹೆಣ್ಣುಮಗಳೊಬ್ಬಳನ್ನು ನಾನೇ ನೋಡಿದ್ದೇನೆ. ಹಾಗೆಯೇ ರಕ್ತ ಬರಲಿಲ್ಲ ಅಂದರೆ ಮಾತ್ರೆ ಕೆಲಸ ಮಾಡಿಲ್ಲ ಅಂತಲೂ ಅಲ್ಲ. ನಿಜವಾದ ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗುತ್ತದೆ. ಟೆಸ್ಟ್ ಯಾವಾಗ ಮಾಡಬೇಕು ಅಂತ ಕೊನೆಯಲ್ಲಿ ಹೇಳುತ್ತೇನೆ.

ಕೆಲವರಿಗೆ ಈ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಟಿಬಿಗೆ ರಿಫಾಂಪಿಸಿನ್ ತಗೊಳ್ಳುತ್ತಿರುವವರು, ಫಿಟ್ಸ್‌ಗೆ ಫಿನೈಟಾಯಿನ್ ಅಥವಾ ಕಾರ್ಬಮಜೆಪಿನ್ ತಗೊಳ್ಳುತ್ತಿರುವವರು ಡಾಕ್ಟರಿಗೆ ಮೊದಲೇ ಹೇಳಬೇಕು, ಆ ಔಷಧಿಗಳು ಇದರ ಶಕ್ತಿ ಕುಗ್ಗಿಸುತ್ತವೆ. ತೂಕ ಜಾಸ್ತಿ ಇರುವವರಲ್ಲೂ ಪರಿಣಾಮ ಕಡಿಮೆಯಾಗಬಹುದು. ಇವರಿಗೆಲ್ಲ ಕಾಪರ್ ಟಿಯೇ ಒಳ್ಳೆಯದು. ಎದೆಹಾಲು ಕುಡಿಸುವವರು ಧೈರ್ಯವಾಗಿ ಮಾತ್ರೆ ತಗೊಳ್ಳಬಹುದು. ಇಂಗ್ಲೆಂಡ್, ಅಮೆರಿಕದಲ್ಲಿರುವ ನಮ್ಮ ಓದುಗರಿಗೆ ಯುಲಿಪ್ರಿಸ್ಟಾಲ್ ಅನ್ನುವ ಇನ್ನೊಂದು ಮಾತ್ರೆಯೂ ಸಿಗುತ್ತದೆ, ಐದು ದಿನದವರೆಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಇಂಗ್ಲೆಂಡಿನಲ್ಲಿ ಫಾರ್ಮಸಿಯಲ್ಲೇ ಕೇಳಬಹುದು, ಅಮೆರಿಕದಲ್ಲಿ ಡಾಕ್ಟರ ಚೀಟಿ ಬೇಕು.

ಇನ್ನೊಂದು ಎಚ್ಚರಿಕೆ. ಅಂಗಡಿಯಲ್ಲಿ ನಾಚಿಕೊಂಡು "ಅದೇ, ಆ ಮಾತ್ರೆ" ಅಂದರೆ ಬೇರೆ ಏನೋ ಕೈಗೆ ಬರುತ್ತದೆ. ಒಬ್ಬ ಹುಡುಗಿ ಹೀಗೇ ಕೇಳಿ ಐದು ಮಾತ್ರೆಯ ಕಿಟ್ ತಂದಿದ್ದಳು. ಒಂದು ಮಿಫೆಪ್ರಿಸ್ಟೋನ್, ನಾಲ್ಕು ಮಿಸೊಪ್ರೊಸ್ಟಾಲ್. ಅದು ಗರ್ಭಪಾತಕ್ಕೆ ಕೊಡುವುದು, ಡಾಕ್ಟರು ನೋಡದೆ ತಗೊಳ್ಳಲೇಬಾರದು. ಕಾಂಡೋಮ್ ಹರಿದ ಮಾರನೇ ದಿನಕ್ಕೆ ಅದಲ್ಲ. ಪುಣ್ಯಕ್ಕೆ ಆಕೆ ನುಂಗುವ ಮೊದಲು ಫೋಟೊ ಕಳಿಸಿದಳು. ನಿಮ್ಮ ಕೈಗೆ ಬಂದ ಪ್ಯಾಕೆಟ್ ಮೇಲೆ ಲಿವೊನಾರ್ಜೆಸ್ಟ್ರೆಲ್ 1.5 ಅಂತ ಇದೆಯಾ ನೋಡಿ, ಎಕ್ಸ್‌ಪೈರಿ ಡೇಟ್ ನೋಡಿ.

ಯಜಮಾನರು ವಾಪಸ್ ಬಂದ ವಿಷಯ ಓದಿ ನನಗೆ ಬೇಜಾರಾಯಿತು, ಆದರೆ ಅವರ ಮೇಲೆ ಕೋಪ ಬರಲಿಲ್ಲ. ಚಿಕ್ಕ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ಆ ಮುಜುಗರ ನನಗೂ ಅರ್ಥವಾಗುತ್ತದೆ. ಈ ಪ್ಯಾರಾ ಅವರಿಗೆ ಓದಲು ಕೊಡಿ. ಸರ್, ನೀವು ಮಗು ಬೇಡ ಅಂತ ಹೆಂಡತಿಯ ಓದಿಗಾಗಿ ಜೊತೆಗೆ ನಿಂತಿದ್ದೀರಿ. ಭಾನುವಾರ ಅಂಗಡಿಯ ಮುಂದೆ ಕಳೆದ ಆ ಐದು ನಿಮಿಷದಲ್ಲಿ ಆಕೆಯ ಒಂದು ಇಡೀ ದಿನ ಹೋಯಿತು. ಮುಂದೆ ಹೀಗಾದರೆ ಬೈಕ್ ಹತ್ತಿ ಪಕ್ಕದ ಊರಿಗೆ ಹೋಗಿ, ಇಲ್ಲವೇ ಚೀಟಿಯಲ್ಲಿ ಹೆಸರು ಬರೆದು ಕೊಡಿ. ನಮ್ಮ ನಾಡಿಗೆ ಇದು ಹೊಸ ವಿಷಯವೂ ಅಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು, ಜಗತ್ತಿನ ಹೆಚ್ಚಿನ ಸರ್ಕಾರಗಳು ಆ ಮಾತು ಎತ್ತಲೂ ಹಿಂಜರಿಯುತ್ತಿದ್ದ ಕಾಲದಲ್ಲಿ.

ಹರಿದಿದ್ದು ಯಾಕೆ ಅಂತ ನೀವು ಕೇಳಿಲ್ಲ, ಆದರೆ ನಾನು ಕೇಳುತ್ತೇನೆ: ಕೊಬ್ಬರಿ ಎಣ್ಣೆ ಹಚ್ಚಿದ್ದಿರಾ? ನಮ್ಮ ಕಡೆ ಕಾಂಡೋಮ್ ಹರಿಯುವುದಕ್ಕೆ ನಾನು ಜಾಸ್ತಿ ಕಂಡ ಕಾರಣ ಇದೇ. ಕಾಂಡೋಮ್ ರಬ್ಬರ್ ಹಾಲಿನಿಂದ ಮಾಡಿದ್ದು, ಎಣ್ಣೆ ತಾಗಿದರೆ ಕೆಲವೇ ನಿಮಿಷದಲ್ಲಿ ಸಡಿಲವಾಗುತ್ತದೆ. ಹಳೆಯ ಕಾಂಡೋಮ್ ಒಂದಕ್ಕೆ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಎರಡು ಬೆರಳಲ್ಲಿ ಎಳೆದು ನೋಡಿ, ಗೊತ್ತಾಗುತ್ತದೆ. ವ್ಯಾಸಲಿನ್, ಬೇಬಿ ಆಯಿಲ್ ಕೂಡ ಹಾಗೆಯೇ. ಒಣಗಿದಂತಿದ್ದರೆ ನೀರಿನ ಅಂಶದ ಜೆಲ್ ಸಿಗುತ್ತದೆ, ಅದನ್ನು ಬಳಸಿ. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದು, ಬೈಕ್ ಡಿಕ್ಕಿಯ ಬಿಸಿಗೆ ಸಿಕ್ಕಿದ್ದು ಬೇಡ. ಬಿಚ್ಚುವ ಮೊದಲು ಪ್ಯಾಕೆಟ್ ಅನ್ನು ಬೆರಳಲ್ಲಿ ಒತ್ತಿ, ಒಳಗೆ ಗಾಳಿಯ ಗುಳ್ಳೆ ಇದ್ದಂತೆ ಅನ್ನಿಸಬೇಕು, ಇಲ್ಲದಿದ್ದರೆ ಎಲ್ಲೋ ತೂತಾಗಿದೆ ಅಂತ ಅರ್ಥ. ಹಲ್ಲಿನಿಂದ ಹರಿಯಬೇಡಿ. ಹಾಕುವಾಗ ತುದಿಯನ್ನು ಹಿಂಡಿ ಹಿಡಿದು ಗಾಳಿ ತೆಗೆಯಿರಿ. ಎರಡು ಹಾಕಿದರೆ ಭದ್ರ ಅನ್ನುವುದೂ ತಪ್ಪು, ಒಂದಕ್ಕೊಂದು ಉಜ್ಜಿ ಎರಡೂ ಹರಿಯಬಹುದು.

ನೀವಿಬ್ಬರೇ ಸಂಗಾತಿಗಳು, ಹಾಗಾಗಿ ಇದು ನಿಮಗಲ್ಲ, ಓದುತ್ತಿರುವ ಬೇರೆಯವರಿಗೆ: ಸಂಗಾತಿಯ ಆರೋಗ್ಯದ ಬಗ್ಗೆ ಗೊತ್ತಿಲ್ಲದಿದ್ದರೆ ಎಚ್‌ಐವಿ ತಡೆಯುವ ಔಷಧಿಯನ್ನೂ 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತಗೊಳ್ಳಬೇಕು. ಮಾಹಿತಿಗೆ 1097ಕ್ಕೆ ಕರೆ ಮಾಡಿ.

ಈಗ ಮುಂದಿನ ಮೂರು ವಾರ. ಆ ಶನಿವಾರದಿಂದ ಲೆಕ್ಕ ಹಾಕಿ ಮೂರನೇ ಶನಿವಾರ, ಮುಟ್ಟಾಗದೇ ಇದ್ದರೆ ಅಥವಾ ಮುಟ್ಟು ಎಂದಿನಂತೆ ಇರದಿದ್ದರೆ, ಬೆಳಗಿನ ಮೊದಲ ಮೂತ್ರದಲ್ಲಿ ಟೆಸ್ಟ್ ಮಾಡಿ. ಆಶಾ ಅವರ ಹತ್ತಿರ ನಿಶ್ಚಯ್ ಕಿಟ್ ಇರುತ್ತದೆ. ಅದಕ್ಕಿಂತ ಮುಂಚೆ ದಿನಾ ಒಂದೊಂದು ಕಿಟ್ ಹಾಳು ಮಾಡಬೇಡಿ, ಆಗ ಸರಿಯಾಗಿ ತೋರಿಸದೇ ಇರಬಹುದು, ಚಿಂತೆ ಮಾತ್ರ ಜಾಸ್ತಿಯಾಗುತ್ತದೆ. ಈ ನಡುವೆ ಕೆಳಹೊಟ್ಟೆಯಲ್ಲಿ ಒಂದೇ ಕಡೆ ಜೋರು ನೋವು, ತಲೆಸುತ್ತಿ ಬೀಳುವಂತೆ ಆದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಬಸಿರು ನಾಳದಲ್ಲಿ ನಿಂತಿದ್ದರೆ ಹಾಗಾಗುತ್ತದೆ, ಅಪರೂಪ, ಆದರೆ ಕಾಯುವಂಥದ್ದಲ್ಲ.

ಎರಡು ಗೆರೆ ಬಂದರೂ ದಾರಿ ಇದೆ. ಇಟ್ಟುಕೊಳ್ಳಬೇಕು ಅನ್ನಿಸಿದರೆ ತಗೊಂಡ ಮಾತ್ರೆಯಿಂದ ಮಗುವಿಗೆ ತೊಂದರೆ ಇಲ್ಲ. ಕಾಪರ್ ಟಿ ಹಾಕಿಸಿಕೊಂಡಿದ್ದರೆ ಮಾತ್ರ ಬೇಗ ಡಾಕ್ಟರನ್ನು ನೋಡಬೇಕು. ಬೇಡ ಅಂದರೆ 1971ರ ಗರ್ಭಪಾತ ಕಾಯ್ದೆ, ಅದರ 2021ರ ತಿದ್ದುಪಡಿ ಪ್ರಕಾರ 20 ವಾರದವರೆಗೆ ಒಬ್ಬ ಅರ್ಹ ಡಾಕ್ಟರ ಒಪ್ಪಿಗೆ ಸಾಕು, ಗರ್ಭನಿರೋಧಕ ಕೈಕೊಟ್ಟಿದ್ದು ಕಾನೂನು ಒಪ್ಪುವ ಕಾರಣ. 18 ದಾಟಿದವರಿಗೆ ಸಹಿ ಅವರದ್ದೊಂದೇ ಸಾಕು, ಗಂಡನದ್ದಾಗಲೀ ಅತ್ತೆ ಮಾವನದ್ದಾಗಲೀ ಬೇಕಿಲ್ಲ. ಮದುವೆಯಾಗದವರಿಗೂ ಇದೇ ಹಕ್ಕಿದೆ ಅಂತ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂಬತ್ತು ವಾರದೊಳಗೆ ಬಂದರೆ ಮಾತ್ರೆಯಲ್ಲೇ ಆಗುತ್ತದೆ.

ಕಾಪರ್ ಟಿ ಬೇಡ ಅನ್ನಿಸಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆಯ ಅಂತರಾ ಇಂಜೆಕ್ಷನ್, ವಾರದ ಛಾಯಾ ಮಾತ್ರೆ, ದಿನದ ಮಾಲಾ-ಎನ್ ಎಲ್ಲ ಇವೆ. ಕಾಂಡೋಮನ್ನೇ ಮುಂದುವರಿಸುತ್ತೇವೆ ಅಂದರೂ ಸರಿ, ಆದರೆ ಬೀರುವಿನಲ್ಲಿ ಒಂದು ತುರ್ತು ಮಾತ್ರೆ ತಂದಿಟ್ಟುಕೊಳ್ಳಿ, ಮತ್ತೆ ಭಾನುವಾರ ಅಂಗಡಿ ಹುಡುಕುವುದು ಬೇಡ. ಮೂರನೇ ಶನಿವಾರ ಟೆಸ್ಟ್ ಮಾಡಿದ ಮೇಲೆ ನನಗೆ ಒಂದು ಸಾಲು ಬರೆಯಿರಿ. ಒಂದೇ ಗೆರೆ ಬಂದರೂ ಬರೆಯಿರಿ, ಎರಡು ಬಂದರೆ ಅವತ್ತೇ ಬರೆಯಿರಿ.